ಕಮಟಲ್ಲ, ಕಮರಲ್ಲ

ಮೊದಲು ಒಲೆ ನೋಡಿದೆ. ಹಾಲು ಹೊತ್ತಿರಲಿಲ್ಲ.
ಇಸ್ತ್ರಿಪೆಟ್ಟಿಗೆ ಹಿಮ್ಮಡಿಯ ಮೇಲೆ ನಿಂತು ತಣ್ಣಗಿತ್ತು.
ಹೊಲಿಗೆ ಮಿಷನ್ನಿನ ಮೋಟರಿಗೆ ಅಂಗೈ ಇಟ್ಟೆ,
ಬಿಸಿ ಇತ್ತು, ದಿನಾ ಇರುವಷ್ಟೇ.
ಗಲ್ಲಿಗೆ ಬಂದು ಮೂಗೆತ್ತಿದರೆ
ಕೌಲ್‌ಬಜಾರಿನ ಮಧ್ಯಾಹ್ನ:
ಬಿಸಿಲು, ಮಿರ್ಚಿಯ ಎಣ್ಣೆ, ಚರಂಡಿ.
ಬೇರೇನಿಲ್ಲ.

ಒಳಗೆ ಬಂದರೆ ಮತ್ತೆ.
ಅವ್ವಾ, ಇದರದ್ದೇ, ಅಂದಳು ಮುಕ್ತಾ,
ಕತ್ತರಿಸಿಟ್ಟ ಜೇಬುಗಳ ಗುಡ್ಡೆಯ ಪಕ್ಕ
ಕಂಪ್ಯೂಟರಿನ ಡಬ್ಬಿ ತೋರಿಸಿ.
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು,
ಯಾವ ಸೊಂಟ ಎಷ್ಟು ಡಜನ್ನು, ಯಾರದು ಬಾಕಿ,
ಎಲ್ಲ ಅದರ ಹೊಟ್ಟೆಯಲ್ಲಿ.
ವೈರು ಕಿತ್ತೆ. ಶನಿವಾರದ ಬಟವಾಡೆ ಒಳಗೇ ಉಳಿಯಿತು.

ಗಾದಿಲಿಂಗ ಬಂದ.
ಮೋತಿ ಸರ್ಕಲ್ಲಿನ ಅಂಗಡಿಯಲ್ಲಿದ್ದಾಗ
ಬೋರ್ಡು ಮೂಸಿಯೇ ಬೇನೆ ಹೇಳುತ್ತಾನೆಂದು ಹೆಸರಾದವನು.
ಸ್ಕ್ರೂ ಮುಟ್ಟಲಿಲ್ಲ. ಸ್ಟೂಲೆಳೆದು ಕೂತ.
"ಹೇಳಕ್ಕಾ, ವಾಸನಿ ಹೆಂಗೈತೆ?"
ನೀನೇ ನೋಡಪ್ಪಾ, ಅಂದೆ.
"ಆ ವರ್ಷದ ಜ್ವರದಾಗ ಮೂಗು ಹೋತು,
ವಾಪಸ್ ಬಂದಿಲ್ಲ.
ನೀ ಹೇಳು, ನಾ ಹುಡುಕ್ತೀನಿ."

ಹೇಗೆ ಹೇಳುವುದು?
ಇಪ್ಪತ್ತು ವರ್ಷ ಅಳತೆಯಲ್ಲೇ ಮಾತಾಡಿದವಳು,
ಸೊಂಟ, ತೊಡೆ, ಮೊಳಕಾಲು, ದಾರದ ನಂಬರು.
ಮೂಗಿಗೆ ಟೇಪಿಲ್ಲ.
ಸುಟ್ಟ ವಾಸನೆ, ಅಂದೆ.
"ಸುಟ್ಟಿದ್ದು ಯಾವುದು? ಕೂದಲಾ, ಬೆಲ್ಲಾನಾ, ರಬ್ಬರಾ?
ಕಮಟಾ? ಕಮರಾ? ಘಾಟಾ? ಗೌಲಾ?"
ಅಬ್ಬಾ, ಇಷ್ಟು ಮನೆಗಳಿದ್ದವೇ
ನನ್ನ ಮೂಗಿನ ಓಣಿಯಲ್ಲಿ!

ಕಣ್ಣು ಮುಚ್ಚಿ ಬಗ್ಗಿದೆ.
ಕಮಟಲ್ಲ. ಕಮಟೆಂದರೆ ಹಳೇ ಕೊಬ್ಬರಿ.
ಕಮರಲ್ಲ, ಅದು ದೀಪಕ್ಕೆ ತಾಗಿದ ಮುಂಗುರುಳಿನದು.
"ಮೀನಿನಂಗಿದ್ರೆ ಬೇಗ ಹೇಳು,
ವೈರಿನ ಪ್ಲಾಸ್ಟಿಕ್ ಬೆಂದಂಗ."
ಮೀನು ನಮ್ಮ ಮನೆಯಲ್ಲಿ ಮಾಡುವುದಿಲ್ಲ. ಆದರೂ ಮೀನಲ್ಲ.
ಒಮ್ಮೆ ಇಸ್ತ್ರಿಯಡಿ ಪ್ಯಾಂಟು ಬಿಟ್ಟು
ಎಣಿಕೆಯವನ ಜೊತೆ ಜಗಳಕ್ಕೆ ನಿಂತಿದ್ದೆ.
ಆಗ ಬಂದಿತ್ತಲ್ಲ,
ಅದರ ತಮ್ಮ ಇದು.
ಅರಳೆ, ಅಂದೆ. ಅರಳೆ ಸೀದದ್ದು.
ಅದರ ಹಿಂದೆ, ಸ್ವಲ್ಪ ತಡವಾಗಿ, ಅರಗು.

ಗಾದಿಲಿಂಗ ಈಗ ಸ್ಕ್ರೂ ಬಿಚ್ಚಿದ.
ಹಿಂದಿನ ಮೂಲೆಯ ಕರೆಂಟಿನ ಪೆಟ್ಟಿಗೆ, ಅದರ ಫ್ಯಾನು
(ತಿರುಗುವುದನ್ನು ಯಾವ ತಿಂಗಳು ಬಿಟ್ಟಿತೋ)
ಮೇಲೆ ನೀಲಿ ಕಂಬಳಿ.
ನನ್ನದೇ ನೀಲಿ.
ಒಂದೊಂದು ಜೀನ್ಸಿನಿಂದ ಹಾರಿದ ಒಂದೊಂದು ಎಳೆ.
ನಮ್ಮ ಎದೆಯಲ್ಲಷ್ಟೇ ಕೂತಿದೆಯೆಂದು ತಿಳಿದಿದ್ದೆ.
ಅಂಚು ಕಂದಾಗಿತ್ತು, ರೊಟ್ಟಿಯ ಚುಕ್ಕೆಯ ಹಾಗೆ.

ಬ್ರಶ್ಶಿನಿಂದ ಎಬ್ಬಿಸಿ, ಹರಿಯದಂತೆ ಅಂಗೈಗೆ ತೆಗೆದುಕೊಂಡು,
ಹಳೇ ಚಾಳಿ, ಮೂಗಿಗೆ ಒಯ್ದ.
ನಾನೂ ಮುಕ್ತಾಳೂ ಬೇರೆ ಕಡೆ ನೋಡಿದೆವು.

"ಪೆಟ್ಟಿಗಿ ಹೋತು. ಹೊಸಾದು ಎಂಟುನೂರು.
ಬೋರ್ಡು ಉಳದೈತೆ, ನಿನ್ನ ಲೆಕ್ಕ ಎಲ್ಲಿಗೂ ಹೋಗಿಲ್ಲ."
ಅರ್ಧ ತಾಸಿಗೆ ತಂದು ಹಾಕಿ, ಗುಂಡಿ ಒತ್ತಿ,
"ಮೂಸಕ್ಕಾ."
ಮೂಸಿದೆ. ಹೊಸ ತಗಡು. ಇನ್ನೇನಿಲ್ಲ.
"ಖರೇನಾ?"
ಖರೇ.
"ಗ್ಯಾಸ್ ಬಿಟ್ಟಿದ್ರೂ ನನಗ ಗೊತ್ತಾಗಲ್ಲ.
ಮಲಗೋ ಮುಂಚೆ ಮಗನ್ನ ಎಬ್ಬಿಸಿ
ಮನಿ ತುಂಬ ತಿರುಗಿಸ್ತೀನಿ, ದಿನಾ.
ಬೈತಾನ."

ಚಪ್ಪಲಿ ಮೆಟ್ಟುವಾಗ ಒಳಗೆ ಮುಚ್ಚಳ ಕುಣಿಯಿತು.
ಕಿವಿ ಚುರುಕು ಅವನದು.
"ಏನಕ್ಕಾ ಕುದಿಯಾಕತ್ತೈತೆ?"
ಸಾರು. ಹುಣಸೆ, ಬೆಳ್ಳುಳ್ಳಿ.
"ಹೆಂಗೈತೆ?"

ಬಾಗಿಲು ಹಿಡಿದು ನಿಂತೆ.
ಅರಳೆಗೆ ಸಿಕ್ಕ ಮಾತು ಸಾರಿಗೆ ಸಿಗಲೊಲ್ಲದು.
ತಾಳಪ್ಪಾ, ಎಂದು ಒಳಗೆ ಹೋಗಿ
ಮುಚ್ಚಳ ತೆಗೆದು ಬಗ್ಗಿದೆ.