ಸಾಂಬ್ರಾದಾಗ ಹಕ್ಕಿ ಓಡಿಸಾಂವ

ಹೊಸ ಪಟ್ಟಿ ಬಂದೈತಂತ
ನೋಟಿಸ್ ಬೋರ್ಡಿಗೆ ಪಿನ್ನು ಚುಚ್ಚ್ಯಾರ.
ದೇಶದಾಗ ಭಾಳ ಗದ್ದಲದ ವಿಮಾನ ನಿಲ್ದಾಣ ಯಾವ್ಯಾವು:
ಮೊದಲ ದಿಲ್ಲಿ, ಆಮ್ಯಾಲ ಮುಂಬೈ,
ಮೂರನೇದು ನಮ್ಮ ಬೆಂಗಳೂರು.
ಬೆಳಗಾವಿ ಹುಡುಕಾಕ ಹತ್ತಿದ್ರು ಬ್ರಿಜಿತ್ ಮೇಡಂ.
ಬೆರಳು ಇಳಕೋತ ಇಳಕೋತ
ಹಿಂದಿನ ಹಾಳಿಗೆ ಹೋತು.
"ಇಲ್ಲೈತಿ ನೋಡ್ರಿ" ಅಂದ್ರು,
ಬಾವ್ಯಾಗ ಬಿದ್ದ ಕೊಡ ಕಂಡಂಗ.

ನಾ ಲಗಮಣ್ಣ. ಹಕ್ಕಿ ಓಡಿಸಾಂವ.
ರನ್‌ವೇ ಬದಿಗೆ ಒಂದು ಜೀಪು,
ಒಂದು ಪಟಾಕಿ ಪೆಟ್ಟಿಗಿ, ಒಂದು ರಿಜಿಸ್ಟರು.
ವಿಮಾನ ಇಳಿಯೂಕಿಂತ ಹತ್ತು ಮಿನಿಟು ಮೊದಲ
ನಂದೂ ಎಣಿಕಿ ಸುರು.
ಟಿಟ್ಟಿಬ ಹದಿನಾಲ್ಕು. ಹದ್ದು ಎರಡು.
ಬೆಳ್ಳಕ್ಕಿ: ಬಾಜೂ ಹೊಲಕ್ಕ ನೀರು ಬಿಟ್ಟಾರ, ಎಣಸಾಕ ಆಗಲಿಲ್ಲ.
ಷರಾ: ಹಾರಿ ಹೋದುವು.
ಷರಾ: ಮತ್ತ ಬಂದುವು.

ನನ್ನ ಲೆಕ್ಕ ಹಿಡದ್ರ, ಮೇಡಮ್ಮರ,
ದೇಶಕ್ಕ ಸಾಂಬ್ರಾನ ಮೊದಲು, ಅಂದ್ನಿ.
ನಕ್ರು. ಚಾ ತರಿಸಿದ್ರು.

ಮುಂಬೈದಾಗ ಗದ್ದಲ ಆತಂದ್ರ
ಅದರ ನೆರಳು ಬೀಳೂದು ನಮ್ಮ ಮ್ಯಾಲ.
ಅಲ್ಲಿ ಮುಗಲಾಗ ಸಾಲು ಹಚ್ಚಿ
ಗಿರಕಿ ಹೊಡಿತಾವಂತ ವಿಮಾನ,
ಇಳಿಯಾಕ ಜಾಗಿಲ್ಲಂತ.
ಇಲ್ಲಿ ಅಷ್ಟುದ್ದ ಖಾಲಿ ಡಾಂಬರು
ಬಿಸಿಲಿಗೆ ಮೈ ಚಾಚಿ ಬಿದ್ದೈತಿ,
ಬರ್ತೇನಂದಾಂವ ಬಂದಿಲ್ಲ.

ಒಳಗ ಕುಂತಾರ ಮಂದಿ.
ಕುಂದಾದ ಡಬ್ಬಿ ತೊಡಿ ಮ್ಯಾಲ ಇಟಗೊಂಡ ಮದಿಮಗಳು.
ಉದ್ಯಮಬಾಗದ ಫೌಂಡ್ರಿಯ ಚೌಗಲೆ,
ಅವನ ಚೀಲ ಸ್ಕ್ಯಾನರಿನಾಗ ಮೂರು ಸಲ ಓಡಿಸಿದ್ರು.
ಬಾಂಬಲ್ರೀ, ಪಂಪಿನ ತಿರುಗಣಿ, ಅಂತ
ಮೂರು ಭಾಷಾದಾಗ ಹೇಳಿದ.
ಮೊದಲ ಸಲ ಹಾರಾಕ ಬಂದ ಹುಕ್ಕೇರಿ ಮುದುಕಿ
ಬಾಗಲದಾಗ ಚಪ್ಪಲಿ ಬಿಟ್ಟು ಒಳಗ ಬಂದಾಳ.
ಗಾಜಿನ ಆಚಿ ಅವು ಎರಡೂ
ಜೋಡಿಲೆ ಕಾಯಾಕ ಹತ್ತ್ಯಾವ.

ಲೆಕ್ಕಕ್ಕ ಯಾರ್‍ಯಾರು ಬರ್ತಾರ್ರಿ, ಕೇಳಿದ್ನಿ.
ಹತ್ತಿದಾಂವ ಒಂದು, ಇಳದಾಂವ ಒಂದು.
ಮತ್ತ ಕಳಸಾಕ ಬಂದಾವ್ರು?
ಮೊನ್ನೆ ಒಂದ ಟೆಂಪೋದಾಗ ಹದಿನೇಳು ಮಂದಿ,
ಒಬ್ಬಾಕಿನ್ನ ಕಳಸಾಕ.
ಬೇಲಿ ಹಿಡದು ನಿಂತು
ವಿಮಾನ ಚಿಕ್ಕಿ ಆಗೂ ತನಕ ಕೈ ಬೀಸಿದ್ರು.
ಅದು ಅವರ ಹುಡುಗಿ ವಿಮಾನ ಅಲ್ಲ, ಹೈದರಾಬಾದಿಂದು.
ನಾ ಹೇಳಲಿಲ್ಲ.
ಬೀಸಿದ ಕೈ ಹೊಳ್ಳಿ ಇಸಗೊಳ್ಳಾಕ ಬರೂದಿಲ್ಲ.

ಶ್ರಾವಣದಾಗ ಒಂದು ಮಧ್ಯಾಹ್ನ
ವಿಮಾನದ ಹೊಟ್ಟಿ ಬಾಗಲ ತಗದು
ಉದ್ದನ್ನ ಪೆಟ್ಟಿಗಿ ಇಳಿಸಿದ್ರು.
ಮ್ಯಾಲ ಚೀಟಿ: ದಸ್ತಗೀರ ಮುಲ್ಲಾ, ಬೈಲಹೊಂಗಲ.
ತೂಕ ನೂರಾ ಹನ್ನೆರಡು ಕಿಲೋ, ಕಟ್ಟಿಗಿ ಹಿಡದು.
ಮಸ್ಕತ್ತಿಗೆ ಹೋಗುವಾಗ ಇಲ್ಲಿಂದನ ಹೋಗಿದ್ದಂತ,
ಕಿಟಕಿ ಸೀಟು ಕೇಳಿ ಇಸಗೊಂಡಿದ್ದಂತ,
ಅವನ ಅಣ್ಣ ಹೇಳಿದ, ಯಾರೂ ಕೇಳಿದ್ದಿಲ್ಲ.
ಹೋಗುವಾಗ ಪ್ರಯಾಣಿಕರ ಕಾಲಂದಾಗ ಒಂದು.
ಬರುವಾಗ ಸರಕಿನ ಕಾಲಂದಾಗ ಕಿಲೋ.
ಬ್ರಿಜಿತ್ ಮೇಡಂ ಪೆನ್ನು ಹಿಡಕೊಂಡು
ಭಾಳ ಹೊತ್ತು ಕುಂತಿದ್ರು.

ಅವತ್ತ ನನ್ನ ರಿಜಿಸ್ಟರಿನಾಗ
ಟಿಟ್ಟಿಬ ಹತ್ತೊಂಬತ್ತು, ಹದ್ದು ಎರಡು ಬರದು
ಕೆಳಗ ಬರದ್ನಿ: ಮುಲ್ಲಾ, ಒಂದು.
ಷರಾ ಖಾಲಿ.

ತಪಾಸಣೆಗೆ ಬಂದ ಸಾಹೇಬ ಬೆರಳಿಟ್ಟು ಕೇಳಿದ,
ಇದ್ಯಾವ ಹಕ್ಕಿ?
ಇಲ್ಲೀದ ರೀ, ಅಂದ್ನಿ.
ಸಹಿ ಹಾಕಿ ಮುಂದಿನ ಹಾಳಿ ತಿರುವಿದ.

ಈಗ ಸಂಜಿ. ಮುಂಬೈದು ಇನ್ನೂ ಗಿರಕ್ಯಾಗೈತಿ.
ಪಟ್ಟಿಯ ಮೂಲಿ ಗಾಳಿಗೆ ಪಟಪಟ ಅನಾಕತ್ತೈತಿ.
ರನ್‌ವೇ ತುದಿಯ ಜಲ್ಲಿಕಲ್ಲಿನಾಗ
ಟಿಟ್ಟಿಬ ಕುಂತೈತಿ, ಜೀಪು ಬಂದ್ರೂ ಏಳವಲ್ದು.
ಹೊಟ್ಟಿ ಕೆಳಗ ನಾಕು ತತ್ತಿ,
ಕಲ್ಲು ಯಾವುದು ತತ್ತಿ ಯಾವುದು ಹತ್ತಾಂಗಿಲ್ಲ.
ಬರದ್ರ ತಗೀಬೇಕಾಗತೈತಿ.
ಪೆನ್ನು ಕಿಸೆಕ ಹಾಕ್ಕೊಂಡ್ನಿ.