ತುಳುಕಿದೆ, ಅಳೆದಿಲ್ಲ

ಸುಂಟಿಕೊಪ್ಪದ ಗೊಬ್ಬರದಂಗಡಿಯ ಮೇಲಿನ ಕೋಣೆ.
ಕೆಳಗೆ ಯೂರಿಯಾದ ವಾಸನೆ, ಮೇಲೆ ನನ್ನ ಕಂಪ್ಯೂಟರು.
ಇಪ್ಪತ್ತಾರು ತೋಟಗಳ ಮಳೆಪುಸ್ತಕಗಳನ್ನು
ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ:
ಇಂಚು, ಸೆಂಟು, ಪಕ್ಕದಲ್ಲೊಂದು ಮೋಟು ಸಹಿ,
ಅಲ್ಲಲ್ಲಿ ಕಾಫಿ ಲೋಟದ ಉಂಗುರ.
ಒಬ್ಬರ ಫೈಲು ಇನ್ನೊಬ್ಬರಿಗೂ ತಲುಪಲೆಂದು
ನಾನೇ ಬರೆದ ಪ್ರೋಗ್ರಾಮು.
ಹೆಮ್ಮೆಯಿತ್ತು, ಮಾರ್ಚಿ ಹದಿನಾರರವರೆಗೆ.

ಅವತ್ತು ಮೊಗ್ಗು ಬಿಗಿದು ನಿಂತಿತ್ತು, ಹೂಮಳೆ ಬಂದಿರಲಿಲ್ಲ.
ಹಿಂದೆ ಯಾವ ವರ್ಷ ಇಷ್ಟು ತಡವಾಗಿತ್ತು?
ಒಂದೇ ಸಂಜೆ ಎಲ್ಲರೂ ಎಲ್ಲ ವರ್ಷಗಳನ್ನೂ ಕೇಳಿದರು.
ಪ್ರೋಗ್ರಾಮು ತೆರೆಯಿತು, ತೆರೆಯಿತು, ತೆರೆಯುತ್ತಲೇ ಹೋಯಿತು.
ಮುಚ್ಚುವುದನ್ನು ನಾನು ಕಲಿಸಿರಲಿಲ್ಲ.

ಆಪರೇಟಿಂಗ್ ಸಿಸ್ಟಮ್ಮಿನದು ಜಿಪುಣ ಲೆಕ್ಕ:
ಒಬ್ಬನಿಗೆ ಸಾವಿರದ ಇಪ್ಪತ್ತನಾಲ್ಕು, ಆಮೇಲೆ ಒಂದೂ ಇಲ್ಲ.
ಫೈಲಷ್ಟೇ ಅಲ್ಲ, ಕೇಳಲು ಬಂದವರ ಸಂಪರ್ಕವೂ ಅದರಲ್ಲೇ ಜಮೆ.
ಉಣ್ಣಲು ಕೂತವನಿಗೊಂದು ಎಲೆ,
ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವವನಿಗೂ ಒಂದು ಎಲೆ.

ಸಾವಿರದ ಇಪ್ಪತ್ತೈದನೆಯದು
ದೇಚಮ್ಮನವರ ತೋಟದ ಅರವತ್ತೊಂದನೆಯ ಇಸವಿ.
ತೆರೆಯಲಾಗಲಿಲ್ಲ.
ತೆರೆಯಲಾಗಲಿಲ್ಲ ಎನ್ನಬೇಕಿತ್ತು.
ಇಲ್ಲ ಎಂದಿತು.
ಇಲ್ಲದ್ದನ್ನು ನೀವೂ ಅಳಿಸಿಬಿಡಿ ಎಂದು
ಹರದೂರಿಗೆ, ಮಾದಾಪುರಕ್ಕೆ, ಕೆದಕಲ್ಲಿಗೆ ಹೇಳಿ ಕಳಿಸಿತು.
ಏಳು ಕಂಪ್ಯೂಟರುಗಳು ತಲೆಬಾಗಿ ಅಳಿಸಿದವು.
ಹೀಗಾಯಿತೆಂದು ಬರೆದಿಡೋಣವೆಂದರೆ
ಲಾಗ್ ಕೂಡ ಒಂದು ಫೈಲು.
ತಾನು ಬಿದ್ದ ಸುದ್ದಿ ಬರೆಯಲು ಅದಕ್ಕೆ ಕೈ ಉಳಿದಿರಲಿಲ್ಲ.

ಮರುದಿನ ಮತ್ತೆ ಸ್ಕ್ಯಾನರ್ ಹೊತ್ತು ದೇಚಮ್ಮನವರ ತೋಟಕ್ಕೆ.
ರೈಟರ್ ಅಂದುಮಾಯಿ ಬೀರುವಿನಿಂದ ಪುಸ್ತಕ ಇಳಿಸಿದರು.
ಆ ವರ್ಷ ಬರೆದವರು ಅವರ ಸೋದರಮಾವ.
ಜುಲೈ ಐದರ ಮುಂದೆ ಅಂಕಿಯಿಲ್ಲ, ಎರಡೇ ಮಾತು:
'ತುಳುಕಿದೆ. ಅಳೆದಿಲ್ಲ.'
ಆರರಿಂದ ದಿನಕ್ಕೆ ಮೂರು ಸಾಲು, ಮೂರು ಹೊತ್ತಿನದು.
ಅಳೆ, ಚೆಲ್ಲು, ಮತ್ತೆ ಇಡು.

'ನಿಲ್ ಅಂದ್ರೆ ಬೀಳ್ಲಿಲ್ಲ ಅಂತ,' ಅಂದರು ಅಂದುಮಾಯಿ,
'ಖಾಲಿ ಬಿಟ್ರೆ ನಾನು ನೋಡ್ಲಿಲ್ಲ ಅಂತ.
ಎರಡನ್ನೂ ಒಂದು ಮಾಡಿದ ರೈಟರನ್ನ ಸಾವ್ಕಾರ್ ಇಟ್ಕೊಳ್ಳೋದಿಲ್ಲ.'
ದೊಡ್ಡ ಡಬ್ಬಿ ತರಬಹುದಿತ್ತಲ್ಲ?
'ತಂದ್ರು. ಅದೂ ತುಂಬೋ ದಿನ ಬಂತು.'

ರಾತ್ರಿಯಿಡೀ ಬರೆದದ್ದನ್ನು ಬಿಚ್ಚಿ ಹೊಲಿದೆ.
ಹುಟ್ಟಿದ ಕೂಡಲೇ ಕೇಳು, ನನ್ನ ಪಾಲೆಷ್ಟು ಅಂತ.
ಇನ್ನಷ್ಟು ಕೊಟ್ಟರೆ ತೆಗೆದುಕೋ, ನಾಚಿಕೆಯೇನಿಲ್ಲ,
ಆದರೆ ಕೊಟ್ಟೇ ಕೊಡುತ್ತಾರೆಂದು ನಂಬಿ ಕೂರಬೇಡ.
ಹತ್ತಿಪ್ಪತ್ತನ್ನು ಮುಟ್ಟದೆ ಬೇರೆಯಿಡು,
ಲಾಗಿಗೆ, ನಡುರಾತ್ರಿ ಬಾಗಿಲು ತಟ್ಟುವವರಿಗೆ.
ಬಹಳ ಹೊತ್ತಿನಿಂದ ಯಾರೂ ನೋಡದ ವರ್ಷವನ್ನು
ಮೆಲ್ಲಗೆ ಮುಚ್ಚು. ಕೇಳಿದರೆ ಮತ್ತೆ ತೆರೆ,
ಕೇಳಿದವರಿಗೆ ಗೊತ್ತೂ ಆಗುವುದಿಲ್ಲ.
ಅದಕ್ಕೂ ಮೀರಿ ಬಂದರೆ ಸಾಲಿನಲ್ಲಿ ನಿಲ್ಲಿಸು.
ನಿಲ್ಲಿಸಿದೆನೆಂದು ಹೇಳು.
ಕಾಣದ್ದನ್ನು ಸತ್ತಿತೆಂದು ಮಾತ್ರ ಊರಿಗೆ ಸಾರಬೇಡ.

ಬೆಳಗಿನ ಜಾವ ಪರೀಕ್ಷೆಗೆಂದು
ನಾನೇ ಎರಡು ಸಾವಿರ ಫೈಲು ಒಟ್ಟಿಗೆ ಕೇಳಿದೆ.
ಫ್ಯಾನು ಗುಂಯ್‌ಗುಟ್ಟಿತು. ಬೀಳಲಿಲ್ಲ.
ಪರದೆಯ ಮೂಲೆಯಲ್ಲಿ, ನಾನು ಕದ್ದು ತಂದ ಮಾತು:
'ನಾಲ್ಕು ಗಂಟೆ ಹತ್ತು ನಿಮಿಷ. ತುಂಬಿದೆ.
ಅರವತ್ತೊಂದು ಇದೆ, ಇನ್ನೂ ತೆರೆದಿಲ್ಲ. ಕಾಯಿರಿ.'

ಕಾದೆ. ಬಂತು, ಕಾಫಿಯ ಉಂಗುರದ ಸಮೇತ.
ಆ ಹೊತ್ತಿಗೆ ತಗಡಿನ ಮೇಲೆ ಹನಿ ಬಿತ್ತೇ
ಎಂದು ದೇಚಮ್ಮನವರು ಫೋನಿನಲ್ಲಿ ಕೇಳಿದರು.
ಇಲ್ಲ ಎನ್ನಲು ಬಾಯಿ ತೆರೆದವಳು
ತಿದ್ದಿಕೊಂಡೆ:
ನೋಡಲಿಲ್ಲ.