ಎಲೆಗಳು: ಹನ್ನೊಂದು

ಪ್ರಾಗ್‌ನಿಂದ ಬಂದ ಲಕೋಟೆಯಲ್ಲಿ ನಾನಿದ್ದೇನೆ.
ಪುಟ ನೂರ ನಲವತ್ತೆರಡು, ಜೆರಾಕ್ಸಿನ ಮಸಿಯೊಳಗೆ
ವೀಲರ್ ರಸ್ತೆಯ ಗೇಟು ತಳ್ಳುತ್ತ.
ಆಂಟಿಯ ತಂಗಿಯ ಮಗಳು ಪೆನ್ಸಿಲಿನಲ್ಲಿ ಅರ್ಥ ಬರೆದಿದ್ದಾಳೆ:
"ಹುಡುಗಿ. ಒಂಬತ್ತು ವರ್ಷವಿದ್ದೀತು.
ಎರಡು ಜಡೆ, ಒಂದಕ್ಕೆ ರಿಬ್ಬನ್ ಇಲ್ಲ.
ಗುರುವಾರ, ನಾಲ್ಕೂವರೆ. ಕೈಯಲ್ಲಿ ಎಲೆಗಳು: ಹನ್ನೊಂದು.
ಉದ್ದೇಶ ತಿಳಿದುಬಂದಿಲ್ಲ."

ಉದ್ದೇಶ ನಾನು ಹೇಳುತ್ತೇನೆ ಸ್ವಾಮಿ.
ಅದು ಕರಿಬೇವು. ಲಿಬೂಶೆ ಆಂಟಿ
ಆಲೂಗಡ್ಡೆ ಸೂಪಿಗೆ ಅದನ್ನು ಹಾಕಲು ಕಲಿತದ್ದು ನಮ್ಮಮ್ಮನಿಂದ,
ಕಾಂಪೌಂಡಿನ ಆಚೆ ಈಚೆ ನಿಂತು,
ಇಬ್ಬರಿಗೂ ಬಾರದ ಇಂಗ್ಲಿಷಿನಲ್ಲಿ.
ಬದಲಿಗೆ ನನಗೆ ಪಿಯಾನೋ ಮುಂದೆ ಅರ್ಧ ಗಂಟೆ,
ಗಸಗಸೆ ಬನ್ನು ಒಂದು.
ಹನ್ನೊಂದು ಯಾಕೆಂದರೆ
ಆ ಕಡ್ಡಿಯಲ್ಲಿ ಇದ್ದದ್ದೇ ಅಷ್ಟು.

ಕಾರ್ಖಾನೆಗೆ ಯಂತ್ರ ಕೂಡಿಸಲು ಕಳಿಸಿದ್ದ ಸರ್ಕಾರ
ವಾಪಸು ಕರೆದಾಗ ಗಂಡ ಹೋದ, ಆಕೆ ಹೋಗಲಿಲ್ಲ.
ಅಷ್ಟಕ್ಕೆ ಹದಿನಾಲ್ಕು ವರ್ಷದ ಕಡತ.
ತಾಯಿಯ ಕಾಗದ ಬಂದರೆ ಆಂಟಿ ಮೊದಲು ಅಂಟು ಮೂಸುತ್ತಿದ್ದರು:
"ಇದು ಅಮ್ಮನ ಗೋಂದಲ್ಲ, ಆಫೀಸಿನದು."
ಓದುವುದು ಆಮೇಲೆ.

"ಮೂಲ: ಮರಕುಟಿಗ" ಎಂದಿದೆ ಪ್ರತಿ ಪುಟದ ನೆತ್ತಿಯಲ್ಲಿ.
ಯಾರಪ್ಪ ನೀನು?
ಎದುರು ಮಹಡಿಯಲ್ಲಿ ಕಿಟಕಿ ಅರೆ ತೆರೆದು ಕೂರುತ್ತಿದ್ದ ಬಾಡಿಗೆಯವನೆ?
ಸೈಕಲ್ ಬ್ರೆಡ್ಡಿನ ಮಸ್ತಾನನೆ?
ಶ್ರುತಿ ಮಾಡಲು ಬಂದು
ತಂತಿಗಿಂತ ಹೆಚ್ಚು ಗೋಡೆ ನೋಡುತ್ತಿದ್ದ ಮಿಸ್ಟರ್ ಡಿಕಾಸ್ಟನೆ?
ಅಪ್ಪನೊಬ್ಬನನ್ನು ಬಿಟ್ಟು ಬೀದಿಯನ್ನೆಲ್ಲ ಅನುಮಾನಿಸಿದೆ.
ಆಮೇಲೆ ಅಪ್ಪನನ್ನೂ, ಒಂದು ಸಂಜೆ ಪೂರ್ತಿ.
ಸರ್ಕಾರ ಬಿದ್ದು ಎಷ್ಟೋ ವರ್ಷವಾಯಿತು,
ಕಡತ ಇನ್ನೂ ಡ್ಯೂಟಿಯ ಮೇಲಿದೆ.

ಪುಟ ನೂರ ಅರವತ್ತು:
"ಸಂಕೇತವಿರಬಹುದು. ಮಾದರಿ ಲಗತ್ತಿಸಿದೆ."
ಅಂದರೆ ಮರಕುಟಿಗ ಆಕೆಯ ಕಸದ ಬುಟ್ಟಿಗೆ ಕೈ ಹಾಕಿದ್ದಾನೆ.
ನಮ್ಮ ಹಿತ್ತಲ ಕರಿಬೇವು ಮೊಹರಿನ ಚೀಲದಲ್ಲಿ ಕೂತು
ಹಿಮದ ಊರಿಗೆ ಹೋಗಿ
ಯಾವನೋ ಅಧಿಕಾರಿಯ ಮೇಜಿನ ಮೇಲೆ ಇಳಿದಿದೆ.
ಬೆರಳಲ್ಲಿ ಉಜ್ಜಿ ಮೂಸಿದನೋ ಏನೋ.
ಆಕೆ ಮತ್ತೆ ಕಾಣದ ಊರನ್ನು
ಒಗ್ಗರಣೆಯ ಎಲೆ ಕಂಡು ಬಂತು.
ಬಂತು ಅಂದೆ, ಬರಲಿಲ್ಲ.

ನನ್ನ ಆ ವಯಸ್ಸಿನ ಫೋಟೊ ಮನೆಯಲ್ಲಿ ಒಂದೂ ಇಲ್ಲ.
ರಿಬ್ಬನ್ ಕಳೆದ ಗುರುವಾರ ನನಗೇ ಮರೆತಿತ್ತು,
ಅಮ್ಮ ಬೈದದ್ದು ಈಗ ಕೇಳಿಸುತ್ತಿದೆ.
ಹೊಸೂರು ರಸ್ತೆಯ ಸಮಾಧಿಗಳ ನಡುವೆ
ಆಂಟಿಯ ಕಲ್ಲಿನ ಮೇಲೆ ಹೆಸರಿನ ಎರಡು ಅಕ್ಷರ ತಪ್ಪು.
ಕಡತದಲ್ಲಿ ಮಾತ್ರ
ಸರಿಯಾಗಿ ಬರೆದಿದ್ದಾರೆ.